ನನ್ನದು ಎಕ್ಸ್‌ಪೈರ್ ಆಗಿತ್ತು

ಚನ್ನಗಿರಿ

ಆಡಿಟ್ ಮಾಡಲು ಬಂದವರು ನನ್ನ ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದರ ಅವಧಿ ಮುಗಿದಿದೆಯಲ್ಲ ಎಂದರು.

ಸಂಘದ ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ನಾನೇ ಎಳೆದ ಕೇಬಲ್ ಇತ್ತು. ಅದರ ಅವಧಿ ಮುಗಿದಿರಲಿಲ್ಲ.

ನಾನು ಟೆಲಿಫೋನ್ ಇಲಾಖೆಯಲ್ಲಿದ್ದವನು. ನಿವೃತ್ತನಾದ ಮೇಲೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಪರೀಕ್ಷೆ ಕಟ್ಟಿ ಪಾಸು ಮಾಡಿದೆ. ಊರಿನ ಪತ್ತಿನ ಸಹಕಾರ ಸಂಘವೊಂದಕ್ಕೆ ಚನ್ನಗಿರಿಯಲ್ಲಿ ಮುಖ್ಯ ಕಚೇರಿ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಶಾಖೆಗಳು. ಆ ನಾಲ್ಕು ಊರಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮನುಷ್ಯರ ಜೊತೆ ಮಾತಾಡುವುದು ಮಾತ್ರ ನನಗೆ ಬರುವುದಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು.

ಸರ್ಟಿಫಿಕೇಟಿಗೆ ಮೂರು ವರ್ಷ ಆಯುಸ್ಸು. ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು. ಮುಗಿದುಹೋದರೆ ಮತ್ತೆ ಪರೀಕ್ಷೆಗೆ ಕೂರಬೇಕು. ನೆನಪಿಸುವ ಮೇಲ್‌ಗಳು ಬಂದಿದ್ದವಂತೆ. ಊರವರ ಮೇಲ್ ಸರಿ ಮಾಡಿಕೊಡುವವನಿಗೆ ತನ್ನ ಮೇಲ್ ತೆಗೆದು ನೋಡುವ ಅಭ್ಯಾಸ ಇರುವುದಿಲ್ಲ.

ಕಾರ್ಯದರ್ಶಿ ಒಳ್ಳೆಯವರು. ಆದರೂ ಹೇಳಬೇಕಾದ್ದನ್ನು ಹೇಳಿದರು. ಮಹಾಸಭೆಯೊಳಗೆ ಹೊಸ ಸರ್ಟಿಫಿಕೇಟು ಬರಬೇಕು. ಬರದಿದ್ದರೆ ಕೆಲಸವನ್ನು ದಾವಣಗೆರೆಯ ಕಂಪನಿಗೆ ಕೊಡಲು ನಿರ್ದೇಶಕರು ಕಾಯುತ್ತಿದ್ದಾರೆ. ಅಂದರೆ ನಾನು ಏಣಿ ಹತ್ತಿ ಎಳೆದ ಕೇಬಲ್ಲುಗಳನ್ನು ಇನ್ನು ಮುಂದೆ ಯಾರೋ ಮುಟ್ಟುತ್ತಾರೆ.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಏನಾಯಿತು ಎಂದು ಕೇಳಿದಳು.

"ಎಕ್ಸ್‌ಪೈರ್ ಆಗೈತೆ" ಎಂದೆ.

ನಮ್ಮ ಕಡೆ ದೊಡ್ಡವರು ತೀರಿಕೊಂಡರೆ ಸತ್ತರು ಎನ್ನುವುದಿಲ್ಲ, ಎಕ್ಸ್‌ಪೈರ್ ಆದರು ಎನ್ನುತ್ತೇವೆ. ಮರ್ಯಾದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಸಾವಿನ ಸ್ನಾನಕ್ಕೆಂದು ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದು, ಯಾರು ಎಂದು ಕೇಳಿದಳು.

"ಸರ್ಟಿಫಿಕೇಟು."

ಅವಳು ಸಮಾಧಾನದಿಂದ ಕೂತಳು. ಆಮೇಲೆ ಪೂರ್ತಿ ವಿಷಯ ತಿಳಿದಾಗ ಸಮಾಧಾನ ಹೋಯಿತು.

"ಕೆಲಸ ಹೋದ್ರೆ ನೀವು ದಿನಾ ಮನೇಲೇ ಇರ್ತೀರಾ?"

ಹೌದು ಎಂದೆ. ಅವಳು ಟಿ.ವಿ. ಆರಿಸಿ, ಪರೀಕ್ಷೆಯ ಹಳೇ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು.

ಹೊನ್ನಾಳಿ

ಪುಸ್ತಕದ ಹೊಸ ಆವೃತ್ತಿ ತರಿಸಿದೆ. ದಪ್ಪ, ಇಂಗ್ಲಿಷು. ಮೊದಲ ಸಲ ಪರೀಕ್ಷೆ ಬರೆದಾಗ ಇಷ್ಟು ದಪ್ಪ ಇರಲಿಲ್ಲ. ಇಷ್ಟು ದಿನದಲ್ಲಿ ಅದೂ ಉಂಡು ಬೆಳೆದಿತ್ತು.

ಹೊನ್ನಾಳಿ ಶಾಖೆಗೆ ಹೋದಾಗ ಅದನ್ನು ಚೀಲದಲ್ಲಿ ಒಯ್ದಿದ್ದೆ. ಅಲ್ಲಿನ ಕ್ಯಾಷಿಯರಮ್ಮ ಹಿಂದೆ ಶಾಲೆಯಲ್ಲಿ ಪಾಠ ಮಾಡಿದವರು. ಪುಸ್ತಕ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಕೊಡ್ರಿ, ನಾನು ಕೇಳ್ತೀನಿ, ನೀವು ಹೇಳ್ರಿ ಎಂದು ಕಿತ್ತುಕೊಂಡರು. ಕೌಂಟರಿನ ಆ ಕಡೆ ಅವರು, ಈ ಕಡೆ ನಾನು ನಿಂತೆ.

ರೂಟರ್ ಅಂದರೇನು ಎಂದರು. ದಾರಿ ತೋರಿಸುವುದು ಎಂದೆ. ಸ್ವಿಚ್ ಎಂದರು. ಹಂಚುವುದು ಎಂದೆ. ಫೈರ್‌ವಾಲ್ ಎಂದರು. ಬಿಡದೇ ಇರುವುದು ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು.

"ಪುಸ್ತಕದಾಗೆ ಎರಡು ಪುಟ ಐತೆ, ಯಜಮಾನ್ರೆ."

"ಬರೆದೋನಿಗೆ ಬಿಡುವಿತ್ತು."

ಅವರು ಒಪ್ಪಲಿಲ್ಲ. ಸರಿಯಾಗಿ ಹೇಳ್ರಿ ಎಂದು ಗದರಿದರು. ತಪ್ಪಾದಾಗ ತಲೆ ಆಡಿಸಿ, ಇದು ಬರದಿದ್ರೆ ಮುಂದೆ ಹೆಂಗೆ ಎಂದರು. ನಾನು ಕೈ ಕಟ್ಟಿ ನಿಂತಿದ್ದೆ. ಶಾಲೆ ಬಿಟ್ಟ ಮೇಲೆ ಯಾರ ಮುಂದೆಯೂ ಹಾಗೆ ನಿಂತದ್ದಿಲ್ಲ.

ನನ್ನ ಹಿಂದೆ ಒಬ್ಬ ಬಂದು ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲ. ಒಡವೆ ಸಾಲಕ್ಕೆ ಬಂದವನು. ಬಳೆಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ. ಅಷ್ಟೂ ಪ್ರಶ್ನೆಗಳನ್ನು ಕೇಳಿಸಿಕೊಂಡು, ಕಡೆಗೆ ಮೆಲ್ಲಗೆ ನನ್ನ ಭುಜ ಮುಟ್ಟಿದ.

"ಸಾಲಕ್ಕೆ ಈಗ ಪರೀಕ್ಷೆ ಮಾಡ್ಯಾರೇನ್ರಿ?"

ನಾನು ಉತ್ತರ ಕೊಡುವುದರಲ್ಲಿ ಯಾವತ್ತೂ ನಿಧಾನ. ಬಾಯಿ ತೆಗೆಯುವುದರೊಳಗೆ ಅವನೇ ತೀರ್ಮಾನಕ್ಕೆ ಬಂದಿದ್ದ. ಇಷ್ಟು ವಯಸ್ಸಾದೋರಿಗೇ ಬರವಲ್ದು, ನನಗೆಲ್ಲಿ ಬರ್ತದೆ ಎಂದು ಟವೆಲ್ ಬಗಲಲ್ಲಿ ಇಟ್ಟುಕೊಂಡು ಹೊರಟ. ಕ್ಯಾಷಿಯರಮ್ಮ ಪುಸ್ತಕ ಹಿಡಿದುಕೊಂಡೇ ಹಿಂದೆ ಓಡಿದರು. ಪುಸ್ತಕ ಕಂಡು ಅವನು ಇನ್ನೂ ಜೋರಾಗಿ ನಡೆದ. ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕನಂತೆ.

ನ್ಯಾಮತಿ

ಒಂದು ಬೆಳಿಗ್ಗೆ ನ್ಯಾಮತಿಯಿಂದ ಫೋನ್ ಬಂತು. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಸ್ತಬ್ಧ. ಹಿಂದಿನ ದಿನ ಚೆನ್ನಾಗಿದ್ದವು. ನಾನು ಸ್ಕೂಟರ್ ತೆಗೆದೆ. ಸವಳಂಗ ದಾಟುವಾಗ ಮತ್ತೆ ಫೋನ್. ಜನ ಕಾಯುತ್ತಿದ್ದಾರೆ, ಬೇಗ ಬನ್ನಿ. ಸ್ಕೂಟರಿಗೂ ನನ್ನದೇ ವಯಸ್ಸು, ಬಂದಷ್ಟು ಬರುತ್ತೇನೆ ಎಂದೆ.

ಹೋಗಿ ಮೂಲೆಯಲ್ಲಿದ್ದ ಸ್ವಿಚ್ ಡಬ್ಬಿ ನೋಡಿದೆ. ಅದರ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಒಂದು ಕೇಬಲ್ ಡಬ್ಬಿಯಿಂದ ಹೊರಟು, ಸುತ್ತು ಹಾಕಿ, ಅದೇ ಡಬ್ಬಿಗೆ ವಾಪಸು ಸೇರಿತ್ತು. ಎರಡು ತುದಿಯೂ ಒಂದೇ ಮನೆಯಲ್ಲಿ.

ಇದನ್ನು ಮಾಡಿದವರು ಯಾರು ಎಂದು ಕೇಳಿದೆ. ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದು ಮುಂದೆ ಬಂದಳು. ಅವಳ ಮುಖದಲ್ಲಿ ತಪ್ಪು ಮಾಡಿದ ಲಕ್ಷಣ ಇರಲಿಲ್ಲ. ಹೊಗಳಿಸಿಕೊಳ್ಳಲು ಬಂದಿದ್ದಳು.

"ಒಂದು ತುದಿ ನೆಲದ ಮ್ಯಾಲೆ ಬಿದ್ದಿತ್ತಣ್ಣ. ಗುಡಿಸಿದಾಗೆಲ್ಲ ಪೊರಕೆಗೆ ಸಿಗತಿತ್ತು. ಡಬ್ಬೀಲಿ ಒಂದು ತೂತು ಖಾಲಿ ಇತ್ತು. ಹಾಕಿಬಿಟ್ಟೆ. ಎಷ್ಟು ಲಕ್ಷಣ ಆತು ನೋಡು."

ಲಕ್ಷಣವಾಗಿಯೇ ಇತ್ತು. ಒಂದು ತುದಿ ಕಿತ್ತೆ. ದೀಪಗಳು ಸಮಾಧಾನವಾದವು. ಕಂಪ್ಯೂಟರುಗಳು ಎದ್ದವು.

ಮ್ಯಾನೇಜರ್ ಬಿಡಲಿಲ್ಲ. ಒಂದು ವೈರಿನಿಂದ ಇಡೀ ಆಫೀಸು ಹೇಗೆ ನಿಲ್ಲುತ್ತದೆ, ವಿವರಿಸಿ ಎಂದರು. ವಿವರಿಸುವುದು ನನಗೆ ಆಗದ ಕೆಲಸ. ಆದರೂ ಹೇಳಿದೆ. ಒಂದು ಮಾತು ಈ ತುದಿಯಿಂದ ಹೊರಡುತ್ತದೆ, ಆ ತುದಿಯಿಂದ ಒಳಗೆ ಬರುತ್ತದೆ. ಡಬ್ಬಿ ಅದನ್ನು ಹೊಸ ಮಾತು ಎಂದುಕೊಂಡು ಮತ್ತೆ ಎಲ್ಲರಿಗೂ ಕೂಗಿ ಹೇಳುತ್ತದೆ. ಅದೇ ಮಾತು ಸುತ್ತುತ್ತಾ ಸುತ್ತುತ್ತಾ ದೊಡ್ಡದಾಗುತ್ತದೆ. ಬೇರೆ ಯಾರಿಗೂ ಬಾಯಿ ಹಾಕಲು ಜಾಗ ಇರುವುದಿಲ್ಲ. ಕೆಲಸ ನಿಲ್ಲುತ್ತದೆ.

ಮ್ಯಾನೇಜರ್ ತಲೆದೂಗಿದರು.

"ಗೊತ್ತಾತು ಬಿಡ್ರಿ. ಆಡಳಿತ ಮಂಡಳಿ ಮೀಟಿಂಗು."

ನಮ್ಮ ಮನೆ

ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಬರೆಯಬಹುದು. ಎಲ್ಲೋ ದೂರದಲ್ಲಿ ಕೂತ ಒಬ್ಬರು ಕ್ಯಾಮೆರಾದಲ್ಲಿ ನಮ್ಮನ್ನು ಕಾಯುತ್ತಿರುತ್ತಾರೆ. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು. ಫೋನ್ ಆರಿಸಿ ಹೊರಗಿಡಬೇಕು. ಕಣ್ಣು ಪರದೆಯ ಮೇಲೇ ಇರಬೇಕು. ಮಾತಾಡಬಾರದು. ಎರಡು ಸಲ ಎಚ್ಚರಿಕೆ, ಮೂರನೆಯ ಸಲ ಪರೀಕ್ಷೆ ರದ್ದು.

ಮಾತಾಡಬಾರದು ಎನ್ನುವ ನಿಯಮ ಓದಿ ಹೆಂಡತಿ, ನೀವು ಪಾಸಾದಂಗೇ ಎಂದಳು.

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಕೂತೆ. ಹೆಂಡತಿ ಹೊರಗೆ ಪಡಸಾಲೆಯಲ್ಲಿ ಕಾವಲು ಕೂತಳು. ಕ್ಯಾಮೆರಾದಲ್ಲಿ ಕಾಯುವವಳು ಒಬ್ಬ ಹುಡುಗಿ ಎಂದು ದನಿಯಿಂದ ತಿಳಿಯಿತು. ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ ಶುರು ಮಾಡಿಸಿದಳು.

ಸ್ವಲ್ಪ ಹೊತ್ತಿಗೇ ಮೊದಲ ಎಚ್ಚರಿಕೆ. ಸರ್, ನೀವು ಯಾರೊಂದಿಗೋ ಮಾತಾಡುತ್ತಿದ್ದೀರಿ, ತುಟಿ ಅಲ್ಲಾಡುತ್ತಿದೆ. ನಾನು ಮಾತಾಡುತ್ತಿರಲಿಲ್ಲ. ದವಡೆಯಲ್ಲಿ ಅಡಿಕೆ ಹೋಳಿತ್ತು. ಚನ್ನಗಿರಿಯವನ ದವಡೆಯಲ್ಲಿ ಇನ್ನೇನಿರುತ್ತದೆ. ಅಡಿಕೆ ಎಂದೆ. ಅವಳಿಗೆ ತಿಳಿಯಲಿಲ್ಲ. ತೆಗೆದು ಕ್ಯಾಮೆರಾಕ್ಕೆ ತೋರಿಸಿದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳುವ ಯಂತ್ರ ಎಂದುಕೊಂಡಳು. ಆ ಸಾಧನವನ್ನು ಕೋಣೆಯಿಂದ ಹೊರಗೆ ಹಾಕಿ ಎಂದಳು. ಕಿಟಕಿಯಿಂದ ಎಸೆದೆ.

ಎರಡನೆಯ ಎಚ್ಚರಿಕೆ ಅದರ ಹಿಂದೆಯೇ ಬಂತು. ಅಡಿಕೆ ಹೋಗಿತ್ತು, ದವಡೆ ನಿಂತಿರಲಿಲ್ಲ. ಸರ್, ನೀವು ತುಂಬಾ ಮಾತಾಡುತ್ತಿದ್ದೀರಿ, ಇನ್ನೊಮ್ಮೆ ಆದರೆ ರದ್ದು. ಪಡಸಾಲೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು. ಮದುವೆಯಾದಾಗಿನಿಂದ ನನ್ನ ಮೇಲೆ ಬಾರದ ಆರೋಪ.

ಅಲ್ಲಿಂದ ಮುಂದೆ ನಾನು ಕಲ್ಲಾದೆ. ಹಲ್ಲು ಕಚ್ಚಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಕೂತೆ.

ಅತ್ತ ಜಗಳೂರಿನಲ್ಲಿ ಏನಾಗಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು. ಅಲ್ಲಿನ ಮ್ಯಾನೇಜರ್ ಮೃದು ಮನಸ್ಸಿನವರು, ಧಾರಾವಾಹಿ ನೋಡಿ ಅಳುವವರು. ನೆಟ್‌ವರ್ಕಿನವರು ಬಹಳ ದಿನದಿಂದ ಬಂದಿಲ್ಲ ಏಕೆ ಎಂದು ಬೆಳಿಗ್ಗೆ ಮನೆಯಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿದ್ದರು. ಕಾರ್ಯದರ್ಶಿ ಬೈಕಿನ ಮೇಲಿದ್ದವರು, "ಯಜಮಾನ್ರದು ಎಕ್ಸ್‌ಪೈರ್ ಆಗೈತ್ರಿ, ಬ್ಯಾರೆಯವರನ್ನ ನೋಡ್ಬೇಕಾಗ್ತದೆ" ಎಂದು ಇಟ್ಟುಬಿಟ್ಟರು. ಗಾಳಿಯಲ್ಲಿ ಮ್ಯಾನೇಜರಿಗೆ ಅರ್ಥವಾದದ್ದು, ಯಜಮಾನ್ರು ಎಕ್ಸ್‌ಪೈರ್ ಆಗ್ಯಾರೆ. ಅವರು ನನ್ನ ನಂಬರಿಗೆ ಮಾಡಿ ನೋಡಿದರು. ಸ್ವಿಚ್ ಆಫ್, ಪರೀಕ್ಷೆಗೆಂದು ನಾನು ಬೆಳಗಾಗುತ್ತಲೇ ಆರಿಸಿಟ್ಟಿದ್ದೆ. ಅಲ್ಲಿಗೆ ಖಾತ್ರಿಯಾಯಿತು. ರಜೆ ಹಾಕಿ, ಒಂದು ಗಂಧದ ಹಾರ ಕೊಂಡು, ಕಾರು ಮಾಡಿಕೊಂಡು ಹೊರಟರು.

ನಮ್ಮ ಮನೆ ಬಾಗಿಲಿಗೆ ಬಂದವರು ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣೊರೆಸಿಕೊಂಡರು. ಅವರ ಮನೆಯಲ್ಲೇ ಏನೋ ಕೆಟ್ಟದ್ದಾಗಿದೆ ಎಂದುಕೊಂಡು ನನ್ನ ಹೆಂಡತಿಯೂ ಸೆರಗು ಕಣ್ಣಿಗೆ ಹಚ್ಚಿದಳು. ಮುಂದಿನ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಾಳೋ, ನನಗೆ ಬಾಯಿಪಾಠ ಆಗಿದೆ.

"ಬಾಳ ಕಷ್ಟಪಟ್ರೇನಮ್ಮಾ?"

"ಬಾಳ ಅಣ್ಣ. ಈ ತಿಂಗಳೆಲ್ಲ ಸರಿಯಾಗಿ ನಿದ್ದೆನೇ ಮಾಡಿಲ್ಲ."

"ಈಗ ಎಲ್ಲಿ?"

"ಒಳಗೆ ಕುಂತಾರೆ."

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಆಗಲೇ ಕುಂದ್ರಿಸೀರಾ ಎಂದು ಮ್ಯಾನೇಜರ್ ಬಿಕ್ಕಿದರು. ಅವರೇ ಕುಂತಾರೆ, ಯಾರೂ ಹೋಗಬಾರದಂತೆ ಎಂದು ಇವಳು ಹೇಳುತ್ತಿದ್ದಳು. ಒಂದ್ಸಲ ಮುಖ ನೋಡಿ ಬರ್ತೀನಮ್ಮ ಎಂದು ಅವರು ನುಗ್ಗಿಯೇಬಿಟ್ಟರು.

ಬಾಗಿಲು ತೆರೆದದ್ದು ನನಗೆ ಕೇಳಿಸಿತು. ತಿರುಗಿದರೆ ರದ್ದು. ಮಾತಾಡಿದರೆ ರದ್ದು. ನಾನು ಹಾಗೇ ಕೂತೆ. ಕೊರಳಿಗೆ ಏನೋ ಬಿತ್ತು. ಗಂಧದ ವಾಸನೆ ಬಂತು. ಯಾರೋ ಬಗ್ಗಿ ನನ್ನ ಪಾದ ಹಿಡಿದುಕೊಂಡರು.

"ಇನ್ನು ಜಗಳೂರಿನ ರೂಟರು ಯಾರು ನೋಡ್ತಾರೆ, ಯಜಮಾನ್ರೆ?"

ಪರದೆಯ ಮೇಲೆ ಒಂದು ಪ್ರಶ್ನೆ ಇತ್ತು. ಒಂದೇ ಕೇಬಲ್ಲಿನ ಎರಡು ತುದಿಯನ್ನೂ ಒಂದೇ ಸ್ವಿಚ್ಚಿಗೆ ಹಾಕಿದರೆ ಏನಾಗುತ್ತದೆ. ನನಗೆ ನ್ಯಾಮತಿಯ ಪೊರಕೆ ಕಣ್ಣಿಗೆ ಕಟ್ಟಿತು. ಬರುವ ಉತ್ತರವನ್ನು ಯಾರು ಬಿಡುತ್ತಾರೆ. ಕೈ ಚಾಚಿ ಮೌಸ್ ಒತ್ತಿದೆ.

ಪಾದ ಹಿಡಿದವರು ತಲೆ ಎತ್ತಿ ಆ ಕೈಯನ್ನು ನೋಡಿದರು. ಅವರ ಬಾಯಿಂದ ಬಂದದ್ದು ಮಾತಲ್ಲ. ಎದ್ದು ಓಡಿದ ರಭಸಕ್ಕೆ ಹಾರ ಅವರ ಗಡಿಯಾರಕ್ಕೆ ಸಿಕ್ಕಿ ಕಿತ್ತು, ಅವರ ಜೊತೆಗೇ ಹೊರಟಿತು. ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಹುಡುಗಿ ಏನೋ ಕೇಳಿದಳು. ಪರೀಕ್ಷೆ ರದ್ದು ಎಂದು ಬಂದು ಪರದೆ ಕಪ್ಪಾಯಿತು.

"ಹೋತು" ಎಂದೆ, ಗಟ್ಟಿಯಾಗಿ.

ಸತ್ತವನು ಮಾತಾಡಿದ್ದನ್ನು ಕೇಳಿ ಮ್ಯಾನೇಜರ್ ಪಡಸಾಲೆಯಲ್ಲಿ ಕುಸಿದರು.

ನೀರು ಕುಡಿಸಿದ್ದು ನನ್ನ ಹೆಂಡತಿ. ಕುಡಿಸಿದ ಮೇಲೆ ಬೈದದ್ದೂ ಅವಳೇ. ಮುತ್ತೈದೆ ಮನೆಗೆ ಹಾರ ತರಾಕೆ ನಿಮಗೆ ಯಾರು ಹೇಳಿದ್ರು ಎಂದು ಶುರು ಮಾಡಿದವಳು ನಿಲ್ಲಿಸಲಿಲ್ಲ. ಈ ಹಾರ ನಮ್ಮ ಮನೇಲಿ ಇರಾಕೂಡದು ಎಂದು ಅವರ ಕೈಗೇ ತುರುಕಿ ಕಳಿಸಿದಳು. ಕಾರ್ಯದರ್ಶಿಯ ಮಾತಿನಲ್ಲಿ 'ದು' ಒಂದೇ ಅಕ್ಷರ ದಾರಿಯಲ್ಲಿ ಬಿದ್ದುಹೋಗಿತ್ತು. ನೆಟ್‌ವರ್ಕಿನಲ್ಲೂ ಮಾತಿನ ತುಣುಕು ಹೀಗೆ ಕಳೆದುಹೋಗುತ್ತದೆ, ಪುಸ್ತಕದಲ್ಲಿ ಇದಕ್ಕೂ ಒಂದು ಅಧ್ಯಾಯ ಇದೆ.

ಜಗಳೂರು

ಮಹಾಸಭೆ ಹತ್ತಿರ ಬಂದಿತ್ತು. ಅದರೊಳಗೆ ಇನ್ನೊಂದೇ ಸಲ ಪರೀಕ್ಷೆಗೆ ಕೂರಲು ಅವಕಾಶ. ಈ ಸಲ ಹೋದರೆ ಕೆಲಸವೂ ಹೋದಂತೆ. ನಮ್ಮ ಮನೆಯಲ್ಲಿ ಕೂರಲು ನನಗೆ ಧೈರ್ಯ ಬರಲಿಲ್ಲ. ನಾನು ಬದುಕಿದ್ದೇನೆ ಎಂದು ಖಾತ್ರಿ ಮಾಡಿಕೊಳ್ಳಲು ಬಸವಾಪಟ್ಟಣದಿಂದಲೂ ನೆಂಟರು ಬರುತ್ತಿದ್ದರು.

ಜಗಳೂರು ಮ್ಯಾನೇಜರ್ ಹಣೆಯ ಮೇಲಿನ ಬುಗುಟು ಇಳಿಯುವ ಮೊದಲೇ ಫೋನ್ ಮಾಡಿದರು. ನಮ್ಮ ಶಾಖೆಗೆ ಬರ್ರಿ, ಇರುವೆ ಸಹಾ ಒಳಗೆ ಬರದಂಥ ಕೋಣೆ ಕೊಡ್ತೀನಿ ಎಂದರು. ಭಾನುವಾರ ದಾವಣಗೆರೆಯಲ್ಲಿ ಬಸ್ ಬದಲಿಸಿ ಹೋದೆ. ಹೊರಡುವ ಮುಂಚೆ ಹೆಂಡತಿ ನನ್ನ ಎಲ್ಲ ಜೇಬುಗಳನ್ನೂ ತಡಕಿ ಅಡಿಕೆ ತೆಗೆದಿಟ್ಟುಕೊಂಡಿದ್ದಳು.

ಕೋಣೆ ಎಂದರೆ ಒಡವೆ ಇಡುವ ಭದ್ರತಾ ಕೊಠಡಿ. ಕಿಟಕಿ ಇಲ್ಲ. ಕಬ್ಬಿಣದ ಬಾಗಿಲು, ಅದರ ಒಳಗೆ ಸರಳಿನ ಇನ್ನೊಂದು ಬಾಗಿಲು. ಅಲ್ಲಿಗೆ ಒಂದು ಕಂಪ್ಯೂಟರ್ ತಂದಿಟ್ಟಿದ್ದರು, ನೆಟ್‌ವರ್ಕ್ ಕೇಬಲ್ ಮೊದಲೇ ಇತ್ತು. ನಾನೇ ಎಳೆದದ್ದು. ಮ್ಯಾನೇಜರ್ ನನ್ನ ಫೋನ್ ಇಸಿದುಕೊಂಡು, ಎರಡೂ ಬಾಗಿಲು ಹಾಕಿ, ಹೊರಗಿನಿಂದ ಬೀಗ ಜಡಿದರು.

ಈ ಸಲವೂ ಹುಡುಗಿಯೇ, ಬೇರೆ ದನಿ. ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸಿ ಎಂದಳು. ತಿರುಗಿಸಿದೆ. ಸರಳು ಕಂಡವು. ಬೀಗ ಕಂಡಿತು. ಅವಳು ದನಿ ತಗ್ಗಿಸಿ ಕೇಳಿದಳು. ಸರ್, ನೀವು ಅಲ್ಲಿ ನಿಮ್ಮ ಇಚ್ಛೆಯಿಂದಲೇ ಇದ್ದೀರಾ?

ಹೌದು ಎಂದೆ.

ಯಾರಾದರೂ ನಿಮ್ಮನ್ನು ಕೂಡಿ ಹಾಕಿದ್ದಾರಾ?

ಮ್ಯಾನೇಜರ್ ಎಂದೆ.

ಅವಳು ಮೇಲಿನವರನ್ನು ಕೇಳಿ ಬರುತ್ತೇನೆ ಎಂದು ಹೋದಳು. ಇನ್ನೆರಡು ಮಾತು ಜಾಸ್ತಿ ಆಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಮೊದಲ ಸಲ ಅನ್ನಿಸಿತು. ಅವಳು ವಾಪಸು ಬಂದು, ಕೋಣೆಯಲ್ಲಿ ಬೇರೆ ಯಾರೂ ಇಲ್ಲವಲ್ಲ, ಶುರು ಮಾಡಿ ಎಂದಳು.

ಬರೆದೆ. ಕೇಬಲ್ಲಿನ ಪ್ರಶ್ನೆ ಮತ್ತೆ ಬಂತು. ಮತ್ತೆ ಒತ್ತಿದೆ. ಈ ಸಲ ಯಾರೂ ಓಡಲಿಲ್ಲ. ಕಡೆಯ ಪ್ರಶ್ನೆ ಮುಗಿದ ಮೇಲೆ ಪರದೆ ಒಂದು ಗಳಿಗೆ ಸುಮ್ಮನಿದ್ದು ಪಾಸ್ ಎಂದಿತು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಅಡಿಕೆ ಬೇಕೆನಿಸಿತು.

ಎದ್ದು ಬಾಗಿಲು ಬಡಿದೆ. ಕಬ್ಬಿಣ ದಪ್ಪ, ಹೊರಗೆ ಕೇಳಿಸಲಿಲ್ಲ. ಮತ್ತೆ ಬಡಿದೆ. ಕೂಗಿದೆ. ಫೋನ್ ಹೊರಗಿತ್ತು. ವಾಪಸು ಕಂಪ್ಯೂಟರಿನ ಮುಂದೆ ಕೂತು ಚನ್ನಗಿರಿಯ ಕಾರ್ಯದರ್ಶಿಗೆ ಸಂದೇಶ ಕಳಿಸಿದೆ. ಪಾಸ್. ಬಾಗಿಲು ತೆಗೆಸಿ. ಕಾರ್ಯದರ್ಶಿ ಚನ್ನಗಿರಿಯಿಂದ ಜಗಳೂರಿಗೆ ಫೋನ್ ಮಾಡಿದರು. ಅದೇ ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಬರದಂತೆ ಕಾವಲು ಕೂತಿದ್ದ ಮ್ಯಾನೇಜರ್ ಆ ಫೋನ್ ಎತ್ತಿದರು.

"ಒಳಗಿರೋರು ಹೊರಗೆ ಬರಬೇಕಂತೆ" ಎಂದು ನನಗೇ ಹೇಳುತ್ತಾ ಬೀಗ ತೆಗೆದರು.

ಮತ್ತೆ ಚನ್ನಗಿರಿ

ಮಹಾಸಭೆಯಲ್ಲಿ ಕಾರ್ಯದರ್ಶಿ ನನ್ನ ಸರ್ಟಿಫಿಕೇಟ್ ಎತ್ತಿ ತೋರಿಸಿದರು. ನೆಟ್‌ವರ್ಕ್ ಕೆಲಸ ನನ್ನಲ್ಲೇ ಇರತಕ್ಕದ್ದೆಂದು ತೀರ್ಮಾನವಾಯಿತು. ದಾವಣಗೆರೆಯ ಕಂಪನಿಯ ಮಾತು ಯಾರೂ ಎತ್ತಲಿಲ್ಲ. ಅಧ್ಯಕ್ಷರು ಸನ್ಮಾನ ಎಂದರು. ನಾನು ಬೇಡ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಹಾರ ಹಾಕಲು ಜಗಳೂರು ಮ್ಯಾನೇಜರನ್ನು ಕರೆದರು. ಅವರು ಒಂದು ಪ್ಲಾಸ್ಟಿಕ್ ಕವರು ಹಿಡಿದು ವೇದಿಕೆ ಹತ್ತಿದರು. ಗಂಧದ ಹಾರ. ನಡುವೆ ಒಂದು ಕಡೆ ಕಿತ್ತದ್ದನ್ನು ಕೆಂಪು ದಾರದಿಂದ ಗಂಟು ಹಾಕಿತ್ತು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಂಗಡಿಯವನು ವಾಪಸ್ ತಗಳ್ಳಿಲ್ಲ, ಯಜಮಾನ್ರೆ."

ಕೊರಳು ಬಗ್ಗಿಸಿದೆ. ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ತಟ್ಟಲಿಲ್ಲ. ಹಾರದ ಗಂಟನ್ನೇ ನೋಡುತ್ತಿದ್ದಳು.

ಎರಡು ಮಾತಾಡಬೇಕು ಎಂದು ಅಧ್ಯಕ್ಷರು ಮೈಕ್ ಕೊಟ್ಟರು. ಕೇಬಲ್ ಮುಟ್ಟಬೇಡಿ ಎಂದು ಕೂತೆ.

ಮನೆಗೆ ಬಂದ ಮೇಲೆ ಹೆಂಡತಿ ಆ ಹಾರವನ್ನು ಬೀದಿಗೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆಯಲಿಲ್ಲ. ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟಳು. ಯಾಕೆ ಎಂದು ಕೇಳಿದೆ.

"ಇರ್ಲಿ ಬಿಡ್ರಿ, ಮುಂದಿನ ಸಲಕ್ಕೆ ಆಗ್ತದೆ."

ಯಾವ ಮುಂದಿನ ಸಲ ಎಂದು ನಾನು ಕೇಳಲಿಲ್ಲ.

ಸರ್ಟಿಫಿಕೇಟಿಗೆ ಮೂರು ವರ್ಷ ಇದೆ. ಹಾರ ಬೀರುವಿನಲ್ಲಿದೆ.